ಫಿಲಾಸಫಿ ತಗೊಂಡ್ರೆ ಸ್ಕೋಪ್ ಇದ್ಯಾ?

"ಫಿಲಾಸಫಿ ತಗೊಂಡ್ರೆ ಮುಂದೆ ಸ್ಕೋಪ್ ಇದ್ಯಾ?" ಅಂತ ಯಾರಾದ್ರೂ ಕೇಳಿದ ಕೂಡ್ಲೇ ಫಿಲಾಸಫಿ ಓದಿದವರ ಮುಖದಲ್ಲಿ ಒಂಥರಾ ಮುಜುಗರ ಕಾಣತ್ತೆ, ಆಮೇಲೆ ಒಂದು ರೆಡಿಮೇಡ್ ಉತ್ತರ ಹೊರಗೆ ಬರತ್ತೆ. ಕ್ರಿಟಿಕಲ್ ಥಿಂಕಿಂಗ್ ಬೆಳೆಯುತ್ತೆ, ಲಾ ಮಾಡೋರಿಗೆ ತುಂಬಾ ಹೆಲ್ಪ್ ಆಗತ್ತೆ, ದೊಡ್ಡ ದೊಡ್ಡ ಕಂಪನಿಯೋರು ಈಗ ಇಂಥೋರನ್ನೇ ಹುಡುಕ್ತಿದ್ದಾರೆ, ಜಿಆರ್‌ಇ ಅನ್ನೋ, ವಿದೇಶದಲ್ಲಿ ಮಾಸ್ಟರ್ಸ್ ಸೇರೋಕೆ ಬರೆಯೋ ಪರೀಕ್ಷೆಯ ವರ್ಬಲ್ ಮತ್ತೆ ರೈಟಿಂಗ್ ಭಾಗದಲ್ಲಿ ಫಿಲಾಸಫಿ ವಿದ್ಯಾರ್ಥಿಗಳ ಸರಾಸರಿ ಮೇಲಿನ ಸಾಲಲ್ಲೇ ಇರತ್ತೆ, ಹೀಗೆ. ನಾನೂ ಡಿಗ್ರಿಯಲ್ಲಿ ಇದನ್ನ ಒಂದು ಸಬ್ಜೆಕ್ಟ್ ಆಗಿ ಓದಿ ಆಮೇಲೆ ಬೇರೇನೇ ಕೆಲಸ ಹಿಡಿದವನು, ಹಾಗಾಗಿ ಈ ಪ್ರಶ್ನೆ ನನ್ನ ಹತ್ರಾನೂ ಬರತ್ತೆ, ಪಿಯುಸಿ ಮುಗಿಸಿದ ಹುಡುಗರಿಂದ ಸ್ವಲ್ಪ, ಅವರ ಅಪ್ಪ ಅಮ್ಮಂದಿರಿಂದ ಜಾಸ್ತಿ. ಆದ್ರೆ ಆ ರೆಡಿಮೇಡ್ ಉತ್ತರ ಕೊಡೋಕೆ ನಂಗೆ ಮನಸ್ಸು ಬರಲ್ಲ. ಯಾಕೆ ಅಂತ ಇಲ್ಲಿ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ.

ಮೊದಲು ಆ ಪರೀಕ್ಷೆ ಮಾತು ತಗೊಳ್ಳಿ. ಅಂಕಿ ನಿಜಾನೇ. ಆದ್ರೆ ಫಿಲಾಸಫಿ ಓದಿ ಬುದ್ಧಿ ಚುರುಕಾಯ್ತಾ, ಇಲ್ಲಾ ಮೊದಲಿಂದ್ಲೂ ಓದೋ ಬರೆಯೋ ಹುಚ್ಚು ಇದ್ದೋರೇ ಆ ಕಡೆ ಹೋಗ್ತಾರಾ ಅನ್ನೋದು ಆ ಅಂಕಿಯಿಂದ ಗೊತ್ತಾಗಲ್ಲ. ಎತ್ತರ ಇರೋರು ಬ್ಯಾಸ್ಕೆಟ್‌ಬಾಲ್ ಟೀಮಿಗೆ ಸೇರ್ತಾರೆ, ಬ್ಯಾಸ್ಕೆಟ್‌ಬಾಲ್ ಆಡಿ ಎತ್ತರ ಆದೋರಲ್ಲ ಅವರು. ಈ ವ್ಯತ್ಯಾಸ ಹಿಡಿಯೋದನ್ನ ಲಾಜಿಕ್ ಪೇಪರಲ್ಲಿ ಶುರುವಿಗೇ ಹೇಳಿಕೊಡ್ತಾರೆ, ಅದನ್ನೇ ಮರೆತು ಫಿಲಾಸಫಿ ಪರವಾಗಿ ವಕಾಲತ್ತು ಮಾಡಿದ್ರೆ ನಗೆಪಾಟಲು ಅಲ್ವಾ. ಇನ್ನು, ಕಾಲೇಜಿಗೆ ಸೇರುವಾಗ ಇದ್ದ ಮಟ್ಟವನ್ನೂ ಲೆಕ್ಕಕ್ಕೆ ಹಿಡಿದು ಅಮೆರಿಕದ ಲಕ್ಷಗಟ್ಟಲೆ ವಿದ್ಯಾರ್ಥಿಗಳ ಡೇಟಾ ಮೇಲೆ ಮಾಡಿದ ಒಂದು ಅಧ್ಯಯನ 2025ರಲ್ಲಿ ಬಂತು, ಅದರ ಪ್ರಕಾರ ಫಿಲಾಸಫಿ ಮೇಜರ್ ಮಾಡಿದೋರು ಉಳಿದೋರಿಗಿಂತ ಸ್ವಲ್ಪ ಜಾಸ್ತಿನೇ ಬೆಳೆದಿದ್ದಾರೆ. ಖುಷಿ ವಿಷಯ. ಅದರ ಪಕ್ಕದಲ್ಲೇ ಇದನ್ನೂ ಇಡಿ: ಇಂಗ್ಲೆಂಡಲ್ಲಿ ಚಿಕ್ಕ ಮಕ್ಕಳನ್ನ ವೃತ್ತಾಕಾರವಾಗಿ ಕೂರಿಸಿ ಫಿಲಾಸಫಿ ಚರ್ಚೆ ಮಾಡಿಸಿದ ಒಂದು ಪ್ರಯೋಗದ ವರದಿ 2015ರಲ್ಲಿ ಬಂದಿತ್ತು, 48 ಶಾಲೆಗಳದ್ದು, ಓದು ಮತ್ತೆ ಗಣಿತ ಎರಡರಲ್ಲೂ ಮಕ್ಕಳು ಸುಮಾರು ಎರಡು ತಿಂಗಳಷ್ಟು ಮುಂದೆ ಹೋಗಿದ್ದಾರೆ ಅಂತ ಇತ್ತು, ಸುದ್ದಿಯೋ ಸುದ್ದಿ. ಆಮೇಲೆ ಅದನ್ನೇ ಸುಮಾರು 200 ಶಾಲೆಗಳಲ್ಲಿ ದೊಡ್ಡದಾಗಿ ಮಾಡಿ ನೋಡಿದ್ರು, 2021ರಲ್ಲಿ ರಿಸಲ್ಟ್ ಬಂತು, ಓದಿನ ಅಂಕದ ಮೇಲೆ ಹೇಳ್ಕೊಳ್ಳೋ ಪರಿಣಾಮ ಏನೂ ಕಾಣಲಿಲ್ಲ. ಇದು ಅಷ್ಟು ಸುದ್ದಿ ಆಗ್ಲಿಲ್ಲ.

ನಂಗೆ ಇದರಿಂದ ಬೇಜಾರೇನೂ ಆಗ್ಲಿಲ್ಲ. ಗಣಿತದಲ್ಲಿ ಮಾರ್ಕ್ಸ್ ಜಾಸ್ತಿ ಬರಬೇಕಂದ್ರೆ ಗಣಿತ ಹೇಳಿಕೊಡಿ, ಅದಕ್ಕೆ ಸುತ್ತು ಬಳಸಿ ಫಿಲಾಸಫಿ ಯಾಕೆ ಬೇಕು.

ಇನ್ನೊಂದು ಗುಂಪಿನೋರು ಇದ್ದಾರೆ, ಫಿಲಾಸಫಿ ಓದಿದ್ರೆ ಮನುಷ್ಯ ಒಳ್ಳೆಯವನಾಗ್ತಾನೆ, ಮೌಲ್ಯ ಬೆಳೆಯುತ್ತೆ, ಅದಕ್ಕೆ ಶಾಲೆಯಲ್ಲಿ ಇಡಿ ಅನ್ನೋರು. ಎರಿಕ್ ಶ್ವಿಟ್ಸ್‌ಗೆಬೆಲ್ ಅಂತ ಅಮೆರಿಕದ ಒಬ್ಬ ಫಿಲಾಸಫಿ ಪ್ರೊಫೆಸರ್ ಇದ್ದಾರೆ, ಅವರು ಈ ಮಾತನ್ನ ಪರೀಕ್ಷೆ ಮಾಡಿಯೇಬಿಡೋಣ ಅಂತ ಯೂನಿವರ್ಸಿಟಿ ಲೈಬ್ರರಿಗಳ ಲೆಕ್ಕ ತೆಗೆದ್ರು. 2009ರಲ್ಲಿ ಪ್ರಕಟ ಆದ ಅವರ ಲೇಖನದ ಪ್ರಕಾರ ನೀತಿಶಾಸ್ತ್ರದ ಪುಸ್ತಕಗಳು, ಅದರಲ್ಲೂ ಆ ವಿಷಯದಲ್ಲಿ ಆಳವಾಗಿ ಇಳಿದೋರು ಮಾತ್ರ ಮುಟ್ಟೋ ಅಂಥವು, ಫಿಲಾಸಫಿಯ ಬೇರೆ ಪುಸ್ತಕಗಳಿಗಿಂತ ಜಾಸ್ತಿ ಕಾಣೆಯಾಗಿವೆ! ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ. ನಗು ಬಿಟ್ಟು ಹೇಳ್ಬೇಕಂದ್ರೆ, 20ನೇ ಶತಮಾನದ ಅತಿ ದೊಡ್ಡ ಚಿಂತಕರಲ್ಲಿ ಒಬ್ಬರು ಅಂತ ಎಣಿಸೋ ಜರ್ಮನಿಯ ಹೈಡೆಗರ್ 1933ರಲ್ಲಿ ನಾತ್ಸಿ ಪಕ್ಷ ಸೇರಿದ್ರು. ಅಷ್ಟು ಓದಿದ್ದು ಅವರನ್ನ ತಡೀಲಿಲ್ಲ. ಹಾಗಾಗಿ ಚಾರಿತ್ರ್ಯ ಸರ್ಟಿಫಿಕೇಟ್ ಕೊಡೋ ಸಬ್ಜೆಕ್ಟ್ ಇದು ಅಂತ ದಯವಿಟ್ಟು ಮಾರ್ಕೆಟಿಂಗ್ ಮಾಡ್ಬೇಡಿ.

ಹಾಗಾದ್ರೆ ಯಾಕೆ ಓದಬೇಕು ಅಂತೀರಾ. ನನ್ನ ಉತ್ತರ ಸಿಂಪಲ್, ಈ ಪ್ರಶ್ನೆಗಳು ನೀವು ಓದಿದ್ರೂ ಓದದಿದ್ರೂ ನಿಮ್ಮ ಮುಂದೆ ಬಂದು ನಿಲ್ತವೆ, ಅದೂ ಸಾಮಾನ್ಯವಾಗಿ ಟೈಮ್ ಇಲ್ಲದಿರುವಾಗ್ಲೇ ಬರ್ತವೆ. ಇದಕ್ಕೆ ನಾನು ಯಾವಾಗ್ಲೂ ಕೊಡೋ ಉದಾಹರಣೆ ಸಾವು. ಒಬ್ಬ ಮನುಷ್ಯ ಸತ್ತಿದ್ದಾನಾ ಇಲ್ವಾ ಅನ್ನೋದು ಫಿಲಾಸಫಿ ಪ್ರಶ್ನೆ ಅಂತ ಯಾರಿಗೂ ಅನ್ಸಲ್ಲ, ಉಸಿರು ನಿಂತ್ರೆ, ನಾಡಿ ನಿಂತ್ರೆ ಮುಗೀತು, ಶತಮಾನಗಟ್ಟಲೆ ಹಾಗೇ ನಡೀತು. ವೆಂಟಿಲೇಟರ್ ಬಂದ್ಮೇಲೆ ಅದು ಕೆಟ್ಟು ಹೋಯ್ತು. ಮಿದುಳು ಪೂರ್ತಿ ನಿಂತಿದೆ, ಮತ್ತೆ ಶುರುವಾಗೋ ಮಾತೇ ಇಲ್ಲ, ಆದ್ರೆ ಮಷಿನ್ ಉಸಿರಾಡಿಸ್ತಿದೆ, ಎದೆ ಏರಿಳೀತಿದೆ, ಮೈ ಬೆಚ್ಚಗಿದೆ, ಹೃದಯ ಹೊಡ್ಕೊಳ್ತಿದೆ. ಇವರು ಬದುಕಿದ್ದಾರಾ? 1967ರ ಡಿಸೆಂಬರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನಲ್ಲಿ ಮನುಷ್ಯನಿಂದ ಮನುಷ್ಯನಿಗೆ ಮೊದಲ ಹೃದಯ ಕಸಿ ಆಯ್ತು, ಆಗ ಈ ಪ್ರಶ್ನೆ ಇನ್ನೂ ಬಿಗಿಯಾಯ್ತು, ಯಾಕಂದ್ರೆ ಹೃದಯ ಕೊಡೋನು ಸತ್ತಿರಬೇಕು, ಹೃದಯ ಮಾತ್ರ ಕೆಲಸಕ್ಕೆ ಬರೋ ಹಾಗಿರಬೇಕು. 1968ರಲ್ಲಿ ಹಾರ್ವರ್ಡ್ ಮೆಡಿಕಲ್ ಸ್ಕೂಲಿನ ಒಂದು ಸಮಿತಿ ಕೂತು, ಮಿದುಳು ಮತ್ತೆ ಬಾರದ ಹಾಗೆ ನಿಂತ್ರೆ ಅದನ್ನೇ ಸಾವು ಅಂತ ತಗೋಬೇಕು ಅಂತ ಹೇಳಿ ಅದನ್ನ ಗುರುತಿಸೋ ಲಕ್ಷಣಗಳನ್ನ ಪಟ್ಟಿ ಮಾಡ್ತು. ಆ ಸಮಿತಿಯಲ್ಲಿ ಡಾಕ್ಟರುಗಳ ಜೊತೆ ಒಬ್ಬ ಲಾಯರ್, ಒಬ್ಬ ಇತಿಹಾಸಕಾರ, ಒಬ್ಬ ಧರ್ಮಶಾಸ್ತ್ರ ವಿಭಾಗದ ಪ್ರೊಫೆಸರೂ ಇದ್ರು. ಅವರನ್ನ ಯಾಕೆ ಕರೆದ್ರು ಯೋಚ್ನೆ ಮಾಡಿ. ಮಿದುಳು ಕೆಲಸ ಮಾಡ್ತಿದ್ಯಾ ಅಂತ ಮಷಿನ್ ಹೇಳತ್ತೆ, ಅಲ್ಲಿಗೆ ಮೆಡಿಸಿನ್ ಕೆಲಸ ಮುಗೀತು. ಮಿದುಳು ಹೋದ್ರೆ ಆ ಮನುಷ್ಯನೇ ಹೋದ ಹಾಗಾ ಅನ್ನೋದನ್ನ ಯಾವ ಸ್ಕ್ಯಾನೂ ಹೇಳಲ್ಲ. ಮನುಷ್ಯ ಅಂದ್ರೆ ಏನು ಅಂತ ಒಂದು ನಿಲುವು ತಗೊಂಡ್ಮೇಲೇನೇ ಅದಕ್ಕೆ ಉತ್ತರ. ಇವತ್ತಿಗೂ ಎಲ್ಲಾ ಕಡೆ ಒಂದೇ ನಿಲುವಿಲ್ಲ, ಅಮೆರಿಕದ ಕಾನೂನು ಇಡೀ ಮಿದುಳು ನಿಲ್ಲಬೇಕು ಅನ್ನತ್ತೆ, ಬ್ರಿಟನ್ನಿನಲ್ಲಿ ಮಿದುಳಿನ ಕಾಂಡ (ಉಸಿರಾಟ ನಡೆಸೋ ಬುಡದ ಭಾಗ) ನಿಂತ್ರೆ ಸಾಕು.

ಈಗ ಐಸಿಯು ಹೊರಗಿನ ಕುರ್ಚಿಯಲ್ಲಿ ಕೂತಿರೋ ಮನೆಯೋರನ್ನ ನೆನೆಸ್ಕೊಳ್ಳಿ. ಡಾಕ್ಟರ್ ಬಂದು ಬ್ರೈನ್ ಡೆತ್ ಅಂತಾರೆ, ಅಂಗಾಂಗ ದಾನದ ಫಾರ್ಮ್ ಬಗ್ಗೆ ಮೆಲ್ಲಗೆ ಪ್ರಸ್ತಾಪ ಮಾಡ್ತಾರೆ, ಮಗ ಎದ್ದು "ಇನ್ನೂ ಉಸಿರಾಡ್ತಿದ್ದಾರಲ್ಲ ಸಾರ್" ಅಂತಾನೆ. ಅವನಿಗೆ ಫಿಲಾಸಫಿ ಗೊತ್ತಿದ್ರೆ ದುಃಖ ಕಮ್ಮಿ ಆಗಲ್ಲ, ಫಾರ್ಮಿಗೆ ಸೈನ್ ಹಾಕೇ ಹಾಕ್ತಾನೆ ಅಂತಾನೂ ಇಲ್ಲ. ಆದ್ರೆ ತಾನು ಕೇಳ್ತಿರೋದು ಎರಡು ಬೇರೆ ಬೇರೆ ಪ್ರಶ್ನೆ, ಒಂದಕ್ಕೆ ಡಾಕ್ಟರ್ ಹತ್ರ ಉತ್ತರ ಇದೆ, ಇನ್ನೊಂದಕ್ಕೆ ಅವರ ಹತ್ರಾನೂ ಇಲ್ಲ ಅಂತ ಬಿಡಿಸಿ ನೋಡೋಕಾಗತ್ತೆ. ಆ ಬಿಡಿಸಿ ನೋಡೋ ಕೆಲಸಾನ ಹದಿನೇಳು ಹದಿನೆಂಟರಲ್ಲಿ, ತಲೆ ಮೇಲೆ ಯಾವ ಕತ್ತಿಯೂ ತೂಗಾಡದೇ ಇರುವಾಗ, ಒಂದಷ್ಟು ಅಭ್ಯಾಸ ಮಾಡಿರಲಿ ಅನ್ನೋದೇ ನಾನು ಹೇಳೋಕೆ ಹೊರಟಿದ್ದು. ಬೇರೆ ಸಬ್ಜೆಕ್ಟ್‌ಗಳಲ್ಲಿ ಇದಕ್ಕೆ ಜಾಗ ಇಲ್ಲ. ಎಕನಾಮಿಕ್ಸ್ ಕ್ಲಾಸಲ್ಲಿ ಎದ್ದು ನಿಂತು "ಲಾಭ ಜಾಸ್ತಿ ಆಗೋದೇ ಒಳ್ಳೇದು ಅಂತ ಯಾಕೆ ಇಟ್ಕೊಂಡಿದ್ದೀವಿ ಮೇಡಂ" ಅಂದ್ರೆ ಸಿಲಬಸ್ ಮುಗೀಬೇಕಪ್ಪಾ ಕೂತ್ಕೋ ಅಂತಾರೆ, ತಪ್ಪೂ ಇಲ್ಲ, ನಿಜವಾಗ್ಲೂ ಸಿಲಬಸ್ ಮುಗೀಬೇಕು. ಆ ಪ್ರಶ್ನೆಗೇ ಅಂತ ಒಂದು ಪೀರಿಯಡ್ ಬೇಕು.

ಆ ಪೀರಿಯಡಲ್ಲಿ ಏನು ನಡೀಬೇಕು? ಪ್ಲೇಟೋ ಬರೆದ ಮೆನೊ ಸಂವಾದದ ಒಂದು ಭಾಗಕ್ಕಿಂತ ಒಳ್ಳೆ ಮಾದರಿ ನಂಗೆ ಸಿಕ್ಕಿಲ್ಲ. ಸಾಕ್ರಟೀಸ್ ಎರಡು ಅಡಿ ಬದಿ ಇರೋ ಒಂದು ಚೌಕ ಬರೀತಾನೆ. ಅವನ ಹತ್ರ ಮಾತಾಡ್ತಿರೋ ಮೆನೊ ಅನ್ನೋನ ಜೊತೆ ಬಂದಿರೋ, ಗಣಿತ ಕಲಿಯದೇ ಇರೋ ಒಬ್ಬ ಆಳು ಹುಡುಗನನ್ನ ಕರೀತಾನೆ. ಇದರ ಕ್ಷೇತ್ರಫಲ ನಾಲ್ಕು ಚದರ ಅಡಿ, ಇದರ ಎರಡರಷ್ಟು ದೊಡ್ಡ ಚೌಕ ಬೇಕು, ಬದಿ ಎಷ್ಟಿರಬೇಕು? ಹುಡುಗ ಹಿಂದೆ ಮುಂದೆ ನೋಡದೇ ಬದೀನೂ ಎರಡರಷ್ಟು, ನಾಲ್ಕು ಅಂತಾನೆ. ಬರೆದು ನೋಡಿದ್ರೆ ಹದಿನಾರು ಆಯ್ತು, ಬೇಕಾಗಿದ್ದು ಎಂಟು. ಓ ಹಾಗಾದ್ರೆ ಎರಡಕ್ಕಿಂತ ಜಾಸ್ತಿ ನಾಲ್ಕಕ್ಕಿಂತ ಕಮ್ಮಿ, ಮೂರು. ಬರೆದ್ರೆ ಒಂಬತ್ತು. ಈಗ ಹುಡುಗ ದೇವರಾಣೆಗೂ ನಂಗೊತ್ತಿಲ್ಲ ಅಂತಾನೆ. ಸಾಕ್ರಟೀಸ್ ಅಲ್ಲಿಗೇ ಅವನನ್ನ ನಿಲ್ಲಿಸಿ ಮೆನೊ ಕಡೆ ತಿರುಗಿ ಕೇಳ್ತಾನೆ, ಈಗ ಇವನಿಗೆ ನಷ್ಟ ಆಯ್ತಾ? ಸ್ವಲ್ಪ ಹೊತ್ತಿನ ಹಿಂದೆ ಹತ್ತು ಜನರ ಮುಂದೆ ನಿಂತು ಬದಿ ಎರಡರಷ್ಟು ಮಾಡಿ ಅಂತ ಧೈರ್ಯವಾಗಿ ಭಾಷಣ ಮಾಡ್ತಿದ್ದ, ಈಗ ಮಾಡಲ್ಲ. ಆಮೇಲೆ ಕರ್ಣ ರೇಖೆ ಎಳೆದು ತೋರಿಸ್ತಾನೆ, ಮೂಲ ಚೌಕದ ಕರ್ಣವೇ ಹೊಸ ಚೌಕದ ಬದಿ, ಎಂಟು ಬರತ್ತೆ. ಉತ್ತರ ಹೈಸ್ಕೂಲ್ ಗಣಿತ. ನಂಗೆ ಮುಖ್ಯ ಅನ್ಸೋದು ಒಂಬತ್ತು ಬಂದಾದ್ಮೇಲೆ ಕರ್ಣ ಎಳೆಯೋದಕ್ಕಿಂತ ಮುಂಚಿನ ಆ ಗ್ಯಾಪು. ನಮ್ಮ ಶಾಲೆ ಕಾಲೇಜಿನ ಇಡೀ ವ್ಯವಸ್ಥೆ ಆ ಗ್ಯಾಪ್ ಇಲ್ಲದ ಹಾಗೆ ಮಾಡೋಕೆ ಅಂತಾನೇ ಇದೆ, ಗೈಡ್ ಇದೆ, ಕೀ ಆನ್ಸರ್ ಇದೆ, ಈಗ ಮೊಬೈಲಲ್ಲಿ ಎಐ ಬೇರೆ, ಪ್ರಶ್ನೆ ಪೂರ್ತಿ ಟೈಪ್ ಮಾಡೋದ್ರೊಳಗೆ ನೀಟಾಗಿ ಪಾಯಿಂಟ್ ಪಾಯಿಂಟ್ ಮಾಡಿ ಉತ್ತರ ಕೊಟ್ಬಿಡತ್ತೆ.

ಒಂದು ಮಾತು ಸೇರಿಸ್ಲೇಬೇಕು. ಆ ಸಂವಾದದಲ್ಲಿ ಸಾಕ್ರಟೀಸ್ ಕೇಳೋದೆಲ್ಲಾ ಬಾಯಿಗೆ ಉತ್ತರ ಇಟ್ಟು ಕೇಳೋ ಪ್ರಶ್ನೆಗಳೇ, ಓದಿದ್ರೆ ಯಾರಿಗಾದ್ರೂ ಗೊತ್ತಾಗತ್ತೆ. ಇನ್ನೂ ದೊಡ್ಡದು, ಆ ಹುಡುಗ ಗುಲಾಮ. ಅವನಿಗೆ ಎಂಥಾ ಬುದ್ಧಿ ಇದೆ ಅಂತ ಇಬ್ಬರೂ ಕಣ್ಣಾರೆ ಕಂಡು ಮೆಚ್ಚಿ, ಆಮೇಲೆ ಅವನನ್ನ ಹಾಗೇ ಬಿಟ್ಟು ಮಾತು ಮುಂದುವರಿಸ್ತಾರೆ, ಇಂಥವನು ಯಾಕೆ ಇನ್ನೊಬ್ಬನ ಆಸ್ತಿ ಆಗಿದ್ದಾನೆ ಅಂತ ಯಾರೂ ಕೇಳಲ್ಲ. ಅರಿಸ್ಟಾಟಲ್ ಅಂತೂ ಕೆಲವರು ಹುಟ್ಟಿನಿಂದಲೇ ಗುಲಾಮರು ಅಂತ ವಾದಾನೇ ಮಾಡಿದ. ಫಿಲಾಸಫಿ ಕ್ಲಾಸಲ್ಲಿ ಇದನ್ನ ಮುಚ್ಚಿಡಬಾರದು, ಇದೇ ಪಾಠ ಆಗಬೇಕು. ಅಷ್ಟು ಪ್ರಶ್ನೆ ಕೇಳಿದೋರ ಕಣ್ಣಿಗೆ ಎದುರಿಗೇ ನಿಂತಿದ್ದ ಪ್ರಶ್ನೆ ಬೀಳಲಿಲ್ಲ ಅಂದ್ರೆ ಇವತ್ತು ನಮ್ಮ ಎದುರಿಗೆ ಏನೇನು ನಿಂತಿದೆಯೋ.

ಆದ್ರೆ ಈಗ ಫಿಲಾಸಫಿ ಅಂತ ಹೇಳಿಕೊಡ್ತಿರೋದನ್ನ ನೋಡಿದ್ರೆ ಅಳು ಬರತ್ತೆ. ಒಂದು ಪೇಪರ್ ಪಾಶ್ಚಾತ್ಯ, ಒಂದು ಪೇಪರ್ ಭಾರತೀಯ, ಥೇಲಿಸಿಂದ ಶುರು ಮಾಡಿ ಕಾಂಟ್ ತನಕ ಹೆಸರುಗಳ ಮೆರವಣಿಗೆ, ಪ್ರತಿಯೊಬ್ಬನ ಹಣೆಗೂ ಒಂದೊಂದು 'ವಾದ' ಅಂತ ಚೀಟಿ. "ಡೆಕಾರ್ಟನ ಸಂಶಯ ವಿಧಾನವನ್ನು ವಿವರಿಸಿ, ಹತ್ತು ಅಂಕ." ಹುಡುಗಿ ನೋಟ್ಸ್ ಬಾಯಿಪಾಠ ಮಾಡಿ, ಎಲ್ಲವನ್ನೂ ಸಂಶಯಿಸಬೇಕು ಅಂತ ಒಂಚೂರೂ ಸಂಶಯ ಇಲ್ಲದೇ ಎರಡು ಪುಟ ಬರೀತಾಳೆ, ಅಂಡರ್‌ಲೈನ್ ಹಾಕಿ. ಹತ್ತಕ್ಕೆ ಎಂಟು. ಇಂಥ ಫಿಲಾಸಫಿ ಓದಬೇಕಾ ಅಂತ ಕೇಳಿದ್ರೆ ಬೇಡ ಅಂತೀನಿ, ಆ ಟೈಮಲ್ಲಿ ಸ್ಟಾಟಿಸ್ಟಿಕ್ಸ್ ಕಲೀಲಿ.

ಬೇರೆ ದಾರಿ ಇಲ್ವಾ ಅಂದ್ರೆ ಇದೆ. ಫ್ರಾನ್ಸಲ್ಲಿ ಶಾಲೆಯ ಕೊನೇ ವರ್ಷ ಫಿಲಾಸಫಿ ಕಡ್ಡಾಯ, ಸೈನ್ಸ್ ಕಡೆ ಹೋಗೋರಿಗೂ. ಪಬ್ಲಿಕ್ ಪರೀಕ್ಷೆ ನಾಲ್ಕು ಗಂಟೆದು, ಮೂರರಲ್ಲಿ ಒಂದು ಆರಿಸ್ಕೊಂಡು ಬರೀಬೇಕು, ಎರಡು ಪ್ರಬಂಧದ ಪ್ರಶ್ನೆ, ಇನ್ನೊಂದು ಯಾವುದಾದ್ರೂ ಚಿಂತಕನ ಬರಹದ ತುಣುಕು ಕೊಟ್ಟು ಅದನ್ನ ಬಿಡಿಸು ಅನ್ನೋದು. ಪ್ರಬಂಧದ ಪ್ರಶ್ನೆ ಒಂದೇ ಸಾಲು ಇರತ್ತೆ, ಸ್ವಾತಂತ್ರ್ಯ, ಸತ್ಯ, ಕೆಲಸ, ನ್ಯಾಯ ಇಂಥದ್ದರ ಮೇಲೆ, ಮತ್ತೆ ಯಾರು ಏನು ಹೇಳಿದ ಅಂತ ಕೇಳಲ್ಲ, ನೀನು ಏನು ಅಂತೀಯಾ, ಹೇಗೆ ಅಂತೀಯಾ ಅಂತ ಕೇಳತ್ತೆ. ಪರೀಕ್ಷೆ ದಿನ ಆ ಪ್ರಶ್ನೆಗಳು ಪೇಪರಲ್ಲಿ ಸುದ್ದಿಯಾಗಿ ಬರ್ತವೆ, ದೊಡ್ಡೋರೂ ಕೂತು ಚರ್ಚೆ ಮಾಡ್ತಾರೆ. ಹಾಗಂತ ಅಲ್ಲಿ ಎಲ್ಲಾ ಸ್ವರ್ಗ ಅಂತ ಅಂದ್ಕೋಬೇಡಿ, ಮೊದಲು ಒಂದು ಪಕ್ಷ ಆಮೇಲೆ ವಿರುದ್ಧ ಪಕ್ಷ ಕೊನೆಗೆ ಎರಡನ್ನೂ ಸೇರಿಸು ಅಂತ ಅಚ್ಚು ಮಾಡ್ಕೊಂಡು ಅದನ್ನೇ ಬಾಯಿಪಾಠ ಹೊಡೆಯೋರು ಅಲ್ಲೂ ಇದ್ದಾರೆ. ಪರೀಕ್ಷೆ ಅಂತ ಇದ್ಮೇಲೆ ಗೈಡ್ ಇದ್ದೇ ಇರತ್ತೆ.

ನಂಗೆ ಇನ್ನೂ ಇಷ್ಟ ಆಗೋದು ನಮ್ಮ ಹಳೇ ತರ್ಕ ಪರಂಪರೆಯಾದ ನ್ಯಾಯ ದರ್ಶನದೋರು ಮಾತುಕತೆಗೆ ಹಾಕಿದ ವಿಂಗಡಣೆ. ನಿಜ ಏನು ಅಂತ ತಿಳ್ಕೊಳ್ಳೋಕೆ ಇಬ್ಬರು ಕೂತು ಮಾತಾಡಿದ್ರೆ ವಾದ. ಹೇಗಾದ್ರೂ ಸರಿ ಗೆಲ್ಲಬೇಕು ಅಂತ ಮಾತು ತಿರುಚಿ ಮಾತಾಡಿದ್ರೆ ಜಲ್ಪ. ತನ್ನದೊಂದು ನಿಲುವು ಅಂತ ಏನೂ ಇಡದೇ ಎದುರಿನವನು ಹೇಳಿದ್ದನ್ನೆಲ್ಲಾ ಕೆಡವ್ತಾ ಹೋದ್ರೆ ವಿತಂಡ. ಎರಡು ಸಾವಿರ ವರ್ಷಕ್ಕೆ ಹತ್ತಿರ ಹಳೆಯದು ಇದು, ಇವತ್ತಿನ ಟಿವಿ ಡಿಬೇಟ್ ಒಂದನ್ನ ಮ್ಯೂಟ್ ತೆಗೆದು ನೋಡಿ, ಯಾವ ಖಾನೆಗೆ ಹಾಕ್ಬೇಕು ಅಂತ ಹೇಳ್ಬೇಕಾ? ಇದನ್ನ ವ್ಯಾಖ್ಯಾನ ಬರೆಯಿರಿ ಅಂತ ಕೇಳೋ ಬದ್ಲು ಕ್ಲಾಸಲ್ಲಿ ಒಂದು ರೆಕಾರ್ಡಿಂಗ್ ಹಾಕಿ ಎಲ್ಲಿ ವಾದ ಇದ್ದಿದ್ದು ಜಲ್ಪ ಆಯ್ತು ಅಂತ ಪಾಸ್ ಮಾಡಿ ಮಾಡಿ ತೋರ್ಸು ಅಂದ್ರೆ ಮಕ್ಕಳು ಜನ್ಮದಲ್ಲಿ ಮರೆಯಲ್ಲ.

ಹಾಗೇ ಪೂರ್ವಪಕ್ಷ ಅಂತ ಒಂದು ಪದ್ಧತಿ, ಶಾಸ್ತ್ರ ಗ್ರಂಥಗಳಲ್ಲಿ ತಮ್ಮ ಸಿದ್ಧಾಂತ ಹೇಳೋಕೆ ಮುಂಚೆ ಎದುರಾಳಿ ಏನಂತಾನೆ ಅಂತ ಮೊದಲು ಬರೀತಿದ್ರು. ಕಣ್ಣಾರೆ ಕಂಡಿದ್ದನ್ನ ಮಾತ್ರ ನಂಬ್ತೀವಿ ಅಂತಿದ್ದ ಚಾರ್ವಾಕರ ವಿಷಯ ಇಲ್ಲಿ ಸ್ವಾರಸ್ಯವಾಗಿದೆ. ಅವರದ್ದೇ ಗ್ರಂಥಗಳು ಹೆಚ್ಚುಕಮ್ಮಿ ಏನೂ ಉಳಿದಿಲ್ಲ, ಅವರು ಏನಂತಿದ್ರು ಅಂತ ಇವತ್ತು ನಮಗೆ ಗೊತ್ತಿರೋದು ಬಹುಪಾಲು ಅವರನ್ನ ಖಂಡಿಸೋಕೆ ಕೂತೋರು ಬರೆದಿಟ್ಟ ಪೂರ್ವಪಕ್ಷದಿಂದ. ಬೆಟ್ಟದ ಮೇಲೆ ಹೊಗೆ ಕಾಣ್ತಿದೆ, ಹಾಗಾಗಿ ಬೆಂಕಿ ಇದೆ ಅಂತ ನೈಯಾಯಿಕರು (ನ್ಯಾಯ ದರ್ಶನದೋರು) ಹೇಳಿದ್ರೆ ಚಾರ್ವಾಕರು ಕೇಳ್ತಿದ್ದಿದ್ದು ಹೀಗೆ, ಹೊಗೆ ಇರೋ ಕಡೆಯೆಲ್ಲಾ ಬೆಂಕಿ ಇರತ್ತೆ ಅಂತ ನಿಂಗೆ ಹೇಗೆ ಗೊತ್ತು, ನೀನು ಎಲ್ಲಾ ಹೊಗೆ ನೋಡಿದ್ಯಾ, ನಾಳಿನ ಹೊಗೆ ನೋಡಿದ್ಯಾ? 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಹ್ಯೂಮ್ ಕೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಇವತ್ತು ಡೇಟಾ ಸೈನ್ಸ್ ಮಾಡೋ ಹುಡುಗರು ದಿನಾ ಮಾಡೋದೂ ಇದೇ ಕೆಲಸ, ನಿನ್ನೆಯ ಡೇಟಾ ಹಾಕಿ ಮಾಡೆಲ್ ಟ್ರೈನ್ ಮಾಡಿ ನಾಳೆ ಏನಾಗತ್ತೆ ಅಂತ ಹೇಳೋದು, ಆ ಜಿಗಿತಕ್ಕೆ ಆಧಾರ ಏನು ಅಂತ ಒಂದ್ಸಲ ಆದ್ರೂ ಕೇಳ್ಕೊಂಡಿದ್ರೆ ಮಾಡೆಲ್ ಕೈಕೊಟ್ಟಾಗ ಅಷ್ಟು ಗಾಬರಿ ಆಗಲ್ಲ. ಮತ್ತೆ ನಾನು ಟೀಚರ್ ಆಗಿದ್ರೆ ಕೊಡ್ತಿದ್ದ ಒಂದೇ ಒಂದು ಹೋಮ್‌ವರ್ಕ್: ನಿಂಗೆ ಕೇಳಿದ್ರೆ ಮೈ ಉರಿಯೋ ಒಂದು ಅಭಿಪ್ರಾಯ ತಗೋ, ಅದನ್ನ ನಂಬೋ ಮನುಷ್ಯ ಓದಿದ್ರೆ "ಹ್ಞಾಂ ಇದೇ ನಾನು ಹೇಳ್ತಿರೋದು, ನಾನೇ ಇಷ್ಟು ಚೆನ್ನಾಗಿ ಹೇಳಿರಲಿಲ್ಲ" ಅನ್ನೋ ಹಾಗೆ ಒಂದು ಪುಟ ಬರಿ. ಆಮೇಲೆ ಬೇಕಾದ್ರೆ ಖಂಡಿಸು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋರಿಗೆ ಇದು ಎಷ್ಟು ಕಷ್ಟ ಅಂತ ಮಾಡಿಸಿ ನೋಡಿದ್ರೇನೇ ಗೊತ್ತಾಗೋದು.

ಫಾರ್ವರ್ಡ್ ಮೆಸೇಜುಗಳ ಕಾಲಕ್ಕೆ ಹೊಂದೋ ಇನ್ನೊಂದು ಪಾಠ ನೆನಪಾಯ್ತು. 8ನೇ ಶತಮಾನದ ಬೌದ್ಧ ಚಿಂತಕ ಧರ್ಮೋತ್ತರ ಕೊಟ್ಟ ಉದಾಹರಣೆ. ಬಾಯಾರಿದ ಒಬ್ಬ ದೂರದಲ್ಲಿ ನೀರು ಕಂಡು ಓಡ್ತಾನೆ. ಅವನು ಕಂಡಿದ್ದು ನಿಜಕ್ಕೂ ಮರೀಚಿಕೆ. ಆದ್ರೆ ಅಲ್ಲಿ ಹೋಗಿ ನೋಡಿದ್ರೆ ಒಂದು ಕಲ್ಲಿನ ಕೆಳಗೆ ನಿಜವಾಗ್ಲೂ ನೀರಿದೆ. ಅಲ್ಲಿ ನೀರಿದೆ ಅಂತ ಅವನಿಗೆ 'ಗೊತ್ತಿತ್ತು' ಅನ್ನಬಹುದಾ? 1963ರಲ್ಲಿ ಎಡ್ಮಂಡ್ ಗೆಟಿಯರ್ ಅನ್ನೋರು ಇದೇ ಜಾತಿಯ ಉದಾಹರಣೆ ಇಟ್ಕೊಂಡು ಮೂರು ಪುಟದ ಲೇಖನ ಬರೆದು ಜ್ಞಾನ ಅಂದ್ರೇನು ಅನ್ನೋದರ ಮೇಲೆ ಇವತ್ತಿನ ತನಕ ಮುಗಿಯದ ಜಗಳ ಹಚ್ಚಿಟ್ರು. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಹಾಗೆ ಬಂದಿದ್ದೆಲ್ಲಾ ಫಾರ್ವರ್ಡ್ ಮಾಡೋರು, ಅದು ಒಂದ್ಸಲ ಅಕಸ್ಮಾತ್ ನಿಜ ಆಗ್ಬಿಟ್ರೆ "ನಾನು ಆವತ್ತೇ ಹೇಳಿರಲಿಲ್ವಾ" ಅಂತಾರಲ್ಲ, ಅವರಿಗೆ ಏನು ಹೇಳೋದು ಅಂತ ಹೈಸ್ಕೂಲ್ ಮಕ್ಕಳ ಮುಂದೆ ಈ ಕತೆ ಇಟ್ಟು ಕೇಳಿ, ಬೆಲ್ ಹೊಡೆದ್ರೂ ಏಳಲ್ಲ.

ಎಷ್ಟನೇ ವಯಸ್ಸಿಗೆ ಅನ್ನೋದ್ರಲ್ಲಿ ಹಿರಿಯರಲ್ಲೇ ಒಮ್ಮತ ಇಲ್ಲ. ಪ್ಲೇಟೋ ಪ್ರಕಾರ ಮೂವತ್ತು ವರ್ಷ ಆಗೋ ತನಕ ತರ್ಕದ ವಾದ ಕೈಗೆ ಕೊಡಬಾರದು, ಹುಡುಗರು ಅದರ ರುಚಿ ನೋಡಿದ್ರೆ ನಾಯಿಮರಿಗಳ ಥರ ಹತ್ರ ಬಂದೋರನ್ನೆಲ್ಲಾ ಎಳೆದು ಹರಿದು ಹಾಕ್ತಾರೆ, ಕೊನೆಗೆ ಯಾವುದನ್ನೂ ನಂಬದೇ ಹೋಗ್ತಾರೆ ಅಂತ. ಮನೇಲಿ ಹದಿನಾರು ವರ್ಷದೋರು ಇದ್ರೆ ಪ್ಲೇಟೋ ಮಾತಿಗೆ ತಲೆ ಆಡಿಸ್ತೀರ. ಇನ್ನೊಬ್ಬ ಗ್ರೀಕ್ ಚಿಂತಕ ಎಪಿಕ್ಯೂರಸ್ ಇದಕ್ಕೆ ಉಲ್ಟಾ, ಚಿಕ್ಕೋನು ಅಂತ ಮುಂದಕ್ಕೆ ಹಾಕ್ಬೇಡ, ಮುದುಕ ಆದೆ ಅಂತ ಬಿಡಬೇಡ ಅಂದವನು. ನಾನು ಎಪಿಕ್ಯೂರಸ್ ಕಡೆ, ಯಾಕಂದ್ರೆ ಆ ಹರಿದು ಹಾಕೋ ಚಟ ಹದಿಹರೆಯದಲ್ಲಿ ಫಿಲಾಸಫಿ ಇಲ್ಲದಿದ್ರೂ ಬರತ್ತೆ, ಅದಕ್ಕೆ ಆಡೋಕೆ ಒಂದು ಅಂಗಳ, ಒಂದಿಷ್ಟು ರೂಲ್ಸ್ ಕೊಟ್ರೆ ಎಲ್ಲರಿಗೂ ಕ್ಷೇಮ. ಅಮೆರಿಕದಲ್ಲಿ ಮ್ಯಾಥ್ಯೂ ಲಿಪ್‌ಮನ್ ಅನ್ನೋರು ಕೊಲಂಬಿಯಾ ಯೂನಿವರ್ಸಿಟಿಯಲ್ಲಿ ಪಾಠ ಮಾಡ್ತಿದ್ದೋರು, ಕಾಲೇಜಿಗೆ ಬರೋ ಹೊತ್ತಿಗೆ ತಡ ಆಗಿರತ್ತೆ ಅನ್ಸಿ 1974ರಲ್ಲಿ ಮಾಂಟ್‌ಕ್ಲೇರಲ್ಲಿ ಮಕ್ಕಳ ಫಿಲಾಸಫಿಗೇ ಅಂತ ಒಂದು ಸಂಸ್ಥೆ ಕಟ್ಟಿದ್ರು, ಸಿದ್ಧಾಂತಗಳ ಬದ್ಲು ಕತೆ ಕೊಟ್ಟು ಅದರಲ್ಲಿ ಪ್ರಶ್ನೆ ನೀವೇ ಹುಡುಕಿ ಅಂತ ಬಿಡೋದು ಅವರ ದಾರಿ. ಶಾಲೆಯಲ್ಲಿ ಅಷ್ಟು ಸಾಕು, ವಾರಕ್ಕೊಂದು ಪೀರಿಯಡ್, ಮಾರ್ಕ್ಸ್ ಬೇಡವೇ ಬೇಡ.

ಕೆಲವು ಪೋಷಕರಿಗೆ ಇರೋ ಭಯ ಬೇರೆ, ಮಗ ನಾಸ್ತಿಕ ಆಗ್ಬಿಡ್ತಾನೆ, ಎದುರು ಮಾತಾಡ್ತಾನೆ, ಯಾವುದೋ ಪಕ್ಷದೋನು ಆಗ್ತಾನೆ ಅಂತ. ಸರ್ಕಾರಗಳಿಗೂ ಈ ಸಬ್ಜೆಕ್ಟ್ ಜೊತೆ ಸಂಬಂಧ ಅಷ್ಟಕ್ಕಷ್ಟೇ. ಬ್ರೆಜಿಲಲ್ಲಿ ಮಿಲಿಟರಿ ಆಳ್ವಿಕೆ ಇದ್ದಾಗ 1971ರ ಶಿಕ್ಷಣ ಸುಧಾರಣೆ ಹೆಸರಲ್ಲಿ ಫಿಲಾಸಫಿ ಶಾಲೆಗಳಿಂದ ಮಾಯ ಆಯ್ತು, 2008ರಲ್ಲಿ ಕಾನೂನು ಮಾಡಿ ಹೈಸ್ಕೂಲಿಗೆ ಕಡ್ಡಾಯ ಅಂತ ವಾಪಸ್ ತಂದ್ರು, 2017ರಲ್ಲಿ ಮತ್ತೆ ಆ ಕಡ್ಡಾಯ ಸಡಿಲ ಆಯ್ತು. ಐವತ್ತು ವರ್ಷ ಆಗೋದ್ರೊಳಗೆ ಇಷ್ಟು ಒಳಗೆ ಹೊರಗೆ ಆಟ. ಭಯ ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ, ಪ್ರಶ್ನೆ ಕೇಳೋದು ಕಲಿತೋನು ಮನೇಲೂ ಕೇಳ್ತಾನೆ. ಆದ್ರೆ ಒಳ್ಳೆ ಫಿಲಾಸಫಿ ಟೀಚರ್ ಆಸ್ತಿಕನ ವಾದಾನೂ ನಾಸ್ತಿಕನ ವಾದಾನೂ ಒಂದೇ ಶ್ರದ್ಧೆಯಿಂದ ಕಟ್ಟಿ ತೋರಿಸ್ತಾರೆ, ವರ್ಷ ಪೂರ್ತಿ ಆದ್ರೂ ಇವರು ಯಾವ ಕಡೆ ಅಂತ ಹುಡುಗರಿಗೆ ಪಂದ್ಯ ಕಟ್ಟೋ ಹಾಗಿರತ್ತೆ. ಅಂಥೋರು ಸಿಗದೇ ಒಂದೇ ರಾಗ ಹಾಡೋ ಟೀಚರ್ ಸಿಕ್ಕಿದ್ರೆ ಆ ಪೀರಿಯಡ್ ಇಲ್ದಿದ್ರೇ ವಾಸಿ, ಇದನ್ನ ನಾನು ಎರಡೂ ಕಡೆಯೋರನ್ನ ಮನಸಲ್ಲಿ ಇಟ್ಕೊಂಡೇ ಹೇಳ್ತಿದೀನಿ.

ಇನ್ನು ಸ್ಕೋಪ್. ತಪ್ಪಿಸ್ಕೊಂಡು ಹೋಗೋ ಹಾಗಿಲ್ಲ ಬಿಡಿ, ಕೇಳಿದೋರು ಅದನ್ನೇ ಕೇಳಿದ್ದು. ಮನೆ ನಿಮ್ಮ ಮೊದಲ ಸಂಬಳದ ಮೇಲೆ ನಿಂತಿದ್ರೆ ಬರೀ ಫಿಲಾಸಫಿ ಡಿಗ್ರಿ ಮಾಡಿ ಅಂತ ನಾನು ಹೇಳಲ್ಲ. ಆ ಡಿಗ್ರಿ ನೇರವಾಗಿ ಕರ್ಕೊಂಡು ಹೋಗೋದು ಟೀಚಿಂಗಿಗೆ, ರಿಸರ್ಚಿಗೆ, ಆ ಹುದ್ದೆಗಳು ಎಲ್ಲಾ ಕಡೆ ಕಮ್ಮಿ, ಕಾಯೋ ವರ್ಷಗಳು ಜಾಸ್ತಿ, ಆ ಕಾಯೋದಕ್ಕೆ ಯಾರಾದ್ರೂ ಖರ್ಚು ಹಾಕ್ಬೇಕು. ಬೆಳಗ್ಗೆ ಎದ್ರೆ ಫಿಲಾಸಫಿ ಪ್ರಶ್ನೆಗಳೇ ತಲೇಲಿ ಕೊರೀತಿರ್ತವೆ, ಬೇರೆ ಯಾವುದ್ರಲ್ಲೂ ಮನಸ್ಸು ನಿಲ್ಲಲ್ಲ ಅನ್ನೋರು ಹೇಗಿದ್ರೂ ನನ್ನ ಮಾತು ಕೇಳಲ್ಲ, ಅವರಿಗೆ ಶುಭವಾಗ್ಲಿ. ಉಳಿದೋರಿಗೆ ನನ್ನ ಸಲಹೆ, ಮುಖ್ಯ ಸಬ್ಜೆಕ್ಟ್ ನಿಮ್ಮಿಷ್ಟ, ಜೊತೆಗೆ ಒಂದೋ ಎರಡೋ ಫಿಲಾಸಫಿ ಪೇಪರ್ ಹಾಕ್ಕೊಳ್ಳಿ. ಕ್ಲಾಡ್ ಶ್ಯಾನನ್ ಓದ್ತಿದ್ದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮತ್ತೆ ಗಣಿತ. ಮಿಶಿಗನ್ ಯೂನಿವರ್ಸಿಟಿಯಲ್ಲಿ ಇದ್ದಾಗ ಫಿಲಾಸಫಿ ವಿಭಾಗದ ಲಾಜಿಕ್ ಕ್ಲಾಸಿಗೆ ಕೂತಿದ್ರು, ಅಲ್ಲಿ ಜಾರ್ಜ್ ಬೂಲ್ ಅನ್ನೋನ ಬೀಜಗಣಿತದ ಪರಿಚಯ ಆಯ್ತು, ಸತ್ಯ ಸುಳ್ಳುಗಳನ್ನ ಒಂದು ಸೊನ್ನೆ ಮಾಡಿ ಲೆಕ್ಕ ಹಾಕೋದು. ಸ್ವಿಚ್ ಆನ್ ಆಫ್ ಆಗೋದಕ್ಕೂ ಇದೇ ಲೆಕ್ಕ ಹೊಂದತ್ತೆ ಅಂತ 1937ರ ತಮ್ಮ ಮಾಸ್ಟರ್ಸ್ ಥೀಸಿಸಲ್ಲಿ ತೋರಿಸಿದ್ರು, ಡಿಜಿಟಲ್ ಸರ್ಕ್ಯೂಟ್ ಡಿಸೈನ್ ಅನ್ನೋದು ಅದರ ಮೇಲೇನೇ ನಿಂತಿದೆ. ಮಷಿನ್ ಯೋಚ್ನೆ ಮಾಡತ್ತಾ ಅಂತ ಅಲನ್ ಟ್ಯೂರಿಂಗ್ 1950ರಲ್ಲಿ ಬರೆದ ಲೇಖನ ಪ್ರಕಟ ಆಗಿದ್ದೂ ಒಂದು ಫಿಲಾಸಫಿ ಪತ್ರಿಕೆಯಲ್ಲಿ. ಲಾಜಿಕ್ ತಗೊಂಡೋರೆಲ್ಲಾ ಶ್ಯಾನನ್ ಆಗ್ತಾರೆ ಅಂತ ಇದರರ್ಥ ಅಲ್ಲ (ಮೇಲೆ ಬ್ಯಾಸ್ಕೆಟ್‌ಬಾಲ್ ಬಗ್ಗೆ ಹೇಳಿದ್ದು ಇಲ್ಲಿಗೂ ಅನ್ವಯ), ಎರಡು ಡಿಪಾರ್ಟ್‌ಮೆಂಟ್ ಮಧ್ಯೆ ಬಾಗಿಲು ತೆರೆದಿರಬೇಕು ಅಷ್ಟೇ.

ಪೇಪರ್ ಆರಿಸೋವಾಗ ಒಂದು ಮಾತು. ಮೊದಲು ಯಾರು ಪಾಠ ಮಾಡ್ತಾರೆ ಅಂತ ಸೀನಿಯರ್ಸ್ ಹತ್ರ ಕೇಳಿ, ಕ್ಲಾಸಲ್ಲಿ ಪ್ರಶ್ನೆ ಕೇಳೋಕೆ ಬಿಡ್ತಾರಾ, ನೋಟ್ಸ್ ಡಿಕ್ಟೇಟ್ ಮಾಡ್ತಾರಾ ಅಂತ, ಸಿಲಬಸ್ ಏನಿದೆ ಅನ್ನೋದಕ್ಕಿಂತ ಅದು ಮುಖ್ಯ. ಲಾಜಿಕ್ ಪೇಪರ್ ಇದ್ರೆ ಕಷ್ಟ ಅಂತ ಹೆದರಿ ಬಿಡಬೇಡಿ. ನಿಮ್ಮ ಸಬ್ಜೆಕ್ಟಿಗೆ ತಾಗಿರೋದು ಸಿಕ್ಕಿದ್ರೆ ಇನ್ನೂ ಒಳ್ಳೇದು, ಮೆಡಿಕಲ್ ನರ್ಸಿಂಗಿನೋರಿಗೆ ಬಯೋಎಥಿಕ್ಸ್, ಸೈನ್ಸಿನೋರಿಗೆ ಫಿಲಾಸಫಿ ಆಫ್ ಸೈನ್ಸ್, ಕಾನೂನಿನೋರಿಗೆ ನ್ಯಾಯದ ಸಿದ್ಧಾಂತಗಳು. ಥೇಲಿಸಿಂದ ಕಾಂಟ್ ತನಕ ಇರೋ ಆ ಇತಿಹಾಸದ ಪೇಪರ್ ಕೊನೇ ಸೆಮಿಸ್ಟರಿಗೆ ಇಟ್ಕೊಳ್ಳಿ, ಅಷ್ಟೊತ್ತಿಗೆ ನಿಮ್ಮ ಹತ್ರಾನೇ ಒಂದೆರಡು ಪ್ರಶ್ನೆ ಇರ್ತವೆ, ಆ ಹಳೇ ಚಿಂತಕರ ಹತ್ರ ಏನು ಕೇಳ್ಬೇಕು ಅಂತ ಗೊತ್ತಿರತ್ತೆ.